ಕೋಶ ತಡವಿ ನೋಡುವ ಮೈ

ಅಡಿಕೆ ಬೆಳೆಯುವ ಊರಿನಲ್ಲಿ ಎಲುಬು ಮುರಿತದ ಮಾತಿಗೆ ಹೆಚ್ಚು ಪೀಠಿಕೆ ಬೇಡ. ಘಟ್ಟದ ಬುಡದ ಕೊಲ್ಲಮೊಗ್ರಿನಲ್ಲಿ ಮಳೆಗಾಲ ಬಂತೆಂದರೆ ಕೊಳೆರೋಗದ ಭಯ, ಅದಕ್ಕೆ ಬೋರ್ಡೋ ಮದ್ದು, ಮದ್ದು ಬಿಡಲು ಒದ್ದೆ ಮರ. ಫೈಬರ್ ದೋಟಿ ಬಂದ ಮೇಲೆ ಹತ್ತುವ ಕಷ್ಟ ಸ್ವಲ್ಪ ತಪ್ಪಿದೆ, ಪೂರ್ತಿ ತಪ್ಪಿಲ್ಲ. ಬಿದ್ದವರ ತೊಡೆಗೆ ರಾಡ್, ಮುಂಗೈಗೆ ಪ್ಲೇಟ್. ಆ ಲೋಹ ಎಷ್ಟು ಗಟ್ಟಿ, ಬೆಲೆ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಅದರ ಮೈ ನುಣುಪೋ ತರಿತರಿಯೋ ಎಂದು ಯಾರೂ ವಿಚಾರಿಸುವುದಿಲ್ಲ. ಅದನ್ನೂ ವಿಚಾರಿಸಬೇಕು ಎಂಬುದೇ ಇಂದಿನ ನನ್ನ ವಾದ. ಎಲುಬು ಕಳೆದುಹೋದ ಜಾಗದಲ್ಲಿ ಹೊಸ ಎಲುಬು ಹುಟ್ಟಬೇಕೋ ಬೇಡವೋ ಎಂದು ಅಲ್ಲಿಗೆ ಬರುವ ಆಕರಕೋಶ, ಅಂದರೆ ಸ್ಟೆಮ್ ಸೆಲ್, ಒಂಟಿಯಾಗಿ ತೀರ್ಮಾನಿಸುವುದಿಲ್ಲ. ಅದು ಕಾಲೂರಿದ ಮೇಲ್ಮೈಗೂ ಆ ತೀರ್ಮಾನದಲ್ಲಿ ಪಾಲಿದೆ, ನಾವು ಎಣಿಸಿದ್ದಕ್ಕಿಂತ ದೊಡ್ಡ ಪಾಲು.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಬಿದಿರ ಸಲಾಕೆ ಕಟ್ಟಿ, ಎಣ್ಣೆ ಹಚ್ಚಿ ಎಲುಬು ಕೂಡಿಸಿದ ನಾಟಿ ವೈದ್ಯರಿಗೆ ಯಾವ ಮೇಲ್ಮೈ ವಿಜ್ಞಾನ ಗೊತ್ತಿತ್ತು? ‘ಪುತ್ತೂರು ಕಟ್ಟು’ ಎಂಬ ಹೆಸರು ದಕ್ಷಿಣ ಭಾರತದಲ್ಲೆಲ್ಲ ಪ್ರಸಿದ್ಧವಲ್ಲವೇ? ಹೌದು. ಆದರೆ ಆ ಪುತ್ತೂರು ಇರುವುದು ಆಂಧ್ರದಲ್ಲಿ, ನಮ್ಮ ಪುತ್ತೂರಿಗೆ ಆ ಕೀರ್ತಿ ಸಲ್ಲದು. ಆಕ್ಷೇಪದಲ್ಲಿ ಸತ್ಯವಿದೆ: ನೇರ ಕೂಡಿಸಿ ಅಲುಗದಂತೆ ಇಟ್ಟರೆ ಹೆಚ್ಚಿನ ಮುರಿತಗಳು ತಾವೇ ಕೂಡಿಕೊಳ್ಳುತ್ತವೆ. ಗಾಯದ ಗುರುತು ಉಳಿಸದೆ ಮೊದಲಿನಂತಾಗುವ ಅಂಗಾಂಶ ನಮ್ಮ ಮೈಯಲ್ಲಿ ಅಪರೂಪ, ಎಲುಬು ಅಂಥದ್ದು. ತೊಂದರೆ ಬರುವುದು ಎರಡು ತುದಿಗಳ ನಡುವೆ ದೊಡ್ಡ ಕಂದಕ ಬಿದ್ದಾಗ. ಅಪಘಾತದಲ್ಲಿ ಚೂರಾಗಿ ಹೋದದ್ದು, ಗಡ್ಡೆಯೆಂದು ಕತ್ತರಿಸಿ ತೆಗೆದದ್ದು, ಕೀವಾಗಿ ಕೊಳೆತದ್ದು ಇವೆಲ್ಲ ಅಂಥ ಸಂದರ್ಭಗಳು. ಒಂದು ಮಿತಿ ದಾಟಿದ ಕಂದಕವನ್ನು ಎಲುಬು ತಾನಾಗಿ ದಾಟಲಾರದು, ಅಲ್ಲಿ ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಆಗ ಸೇತುವೆಯಾಗಿ ಏನನ್ನಾದರೂ ಇಡಬೇಕು. ನಾನು ಹೇಳುತ್ತಿರುವುದು ಆ ಸೇತುವೆಯ ವಿಚಾರ.

ಮೇಲ್ಮೈಗೆ ಇಂಥ ಶಕ್ತಿಯಿದೆ ಎಂಬ ಮೊದಲ ಸುಳಿವು ಆಕಸ್ಮಿಕವಾಗಿ ಸಿಕ್ಕಿತು. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊಲದ ಕಾಲೆಲುಬಿನ ಮಜ್ಜೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಮ್ಮಿನ ಪುಟ್ಟ ಕೊಳವೆ ಕೂರಿಸಿದರು. ಕೆಲಸ ಮುಗಿದ ಮೇಲೆ ಅದನ್ನು ಕೀಳಲು ಹೋದರೆ ಬರಲೇ ಇಲ್ಲ, ಎಲುಬು ಲೋಹವನ್ನು ಅಪ್ಪಿ ಹಿಡಿದಿತ್ತು. 1965ರಲ್ಲಿ ಅವರು ಅದೇ ಗುಣವನ್ನು ನಂಬಿ ಮನುಷ್ಯನ ದವಡೆಗೆ ಟೈಟಾನಿಯಂ ತಿರುಪು ಹಾಕಿದರು. ಇಂದಿನ ದಂತ ಇಂಪ್ಲಾಂಟುಗಳ ವಂಶ ಅಲ್ಲಿಂದ ಶುರು. ಒಂದು ಸೂಕ್ಷ್ಮ ಇಲ್ಲಿದೆ: ಎಲುಬಿಗೆ ತಾಗಿದ್ದು ಲೋಹವೇ ಅಲ್ಲ. ಗಾಳಿ ಸೋಕಿದ ಕ್ಷಣವೇ ಟೈಟಾನಿಯಂ ತನ್ನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡಿನ ಪದರ ಹೊದ್ದುಕೊಳ್ಳುತ್ತದೆ. ಗೋಡೆಯ ಬಿಳಿ ಪೇಂಟಿನಲ್ಲಿರುವುದೂ ಅದೇ ಆಕ್ಸೈಡ್. ಅಮೆರಿಕದ ಫ್ಲೋರಿಡಾದಲ್ಲಿ ಲ್ಯಾರಿ ಹೆಂಚ್ 1969ರಲ್ಲಿ ಮಾಡಿದ ಗಾಜಿನ ಕತೆಯೂ ಇಂಥದ್ದೇ. ಆ ಗಾಜಿನ ಮೈ ದೇಹದ ದ್ರವದಲ್ಲಿ ಮೆಲ್ಲನೆ ಕರಗಿ, ಎಲುಬಿನ ಖನಿಜವನ್ನೇ ಹೋಲುವ ಪದರವೊಂದನ್ನು ತನ್ನ ಮೇಲೆ ಕಟ್ಟಿಕೊಂಡಿತು. ಇಲಿಯ ತೊಡೆಯೆಲುಬು ಅದನ್ನು ಪರಕೀಯವೆಂದು ದೂಡಲಿಲ್ಲ.

ಆದರೆ ಕೋಶಕ್ಕೆ ಇದೆಲ್ಲ ಹೇಗೆ ತಿಳಿಯುತ್ತದೆ? ಎಲುಬಿನ ಮಜ್ಜೆಯಲ್ಲಿ ಎಲುಬಾಗಬಲ್ಲ, ಕೊಬ್ಬಾಗಬಲ್ಲ ಕೋಶಗಳಿವೆ ಎಂದು ರಷ್ಯಾದ ಫ್ರೀಡೆನ್‌ಸ್ಟೈನ್ 1960–70ರ ದಶಕಗಳಲ್ಲಿ ತೋರಿಸಿದ್ದರು. ಅವು ಬಹಳ ವಿರಳ, ಮಜ್ಜೆಯ ಹತ್ತು ಸಾವಿರ ಕೋಶಗಳಲ್ಲಿ ಒಂದು ಸಿಕ್ಕರೂ ಹೆಚ್ಚೇ. 2004ರಲ್ಲಿ ಕ್ರಿಸ್ಟೋಫರ್ ಚೆನ್ ಅವರ ತಂಡ ಇಂಥ ಕೋಶಗಳನ್ನು ಅಂಟುವ ಪ್ರೋಟೀನಿನ ಸಣ್ಣ ಮತ್ತು ದೊಡ್ಡ ದ್ವೀಪಗಳ ಮೇಲೆ ಕೂರಿಸಿತು. ಸುತ್ತಲಿನ ರಸಾಯನ ಒಂದೇ, ಜಾಗದ ಅಳತೆ ಮಾತ್ರ ಬೇರೆ. ಮುದುಡಿ ಕೂತವು ಕೊಬ್ಬಿನತ್ತ ಹೋದವು, ಮೈಚಾಚಲು ಜಾಗ ಸಿಕ್ಕವು ಎಲುಬಿನತ್ತ. ಎರಡು ವರ್ಷದ ಬಳಿಕ ಎಂಗ್ಲರ್ ಮತ್ತು ಡಿಶರ್ ಹಾಸಿನ ಮೆದುತನವನ್ನೇ ಬದಲಿಸಿ ನೋಡಿದರು. ಮಿದುಳಿನಷ್ಟು ಮೆತ್ತಗಿನ ಹಾಸಿನಲ್ಲಿ ನರಕೋಶದ ಲಕ್ಷಣ, ಸ್ನಾಯುವಿನಷ್ಟು ಬಿಗಿಯಾದದ್ದರಲ್ಲಿ ಸ್ನಾಯುವಿನದು, ಇನ್ನೂ ಗಟ್ಟಿಯಾದದ್ದರಲ್ಲಿ ಎಲುಬಿನದು ಕಂಡಿತು. ನನಗೆ ಎಲ್ಲಕ್ಕಿಂತ ವಿಸ್ಮಯದ್ದು 2007ರ ಪ್ರಯೋಗ. ಗ್ಲಾಸ್ಗೋದ ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರು ಕೃತಕ ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ಕಿನ ಮೇಲೆ 120 ನ್ಯಾನೋಮೀಟರ್ ಅಗಲ, 100 ನ್ಯಾನೋಮೀಟರ್ ಆಳದ ಕುಳಿಗಳನ್ನು ಒತ್ತಿದರು. ಒಂದು ಕೂದಲೆಳೆಯ ಅಡ್ಡಗಲದಲ್ಲಿ ಅಂಥವು ಐನೂರು ಹಿಡಿಸಬಹುದು. ಚೌಕಾಬಾರದ ಮನೆಗಳಂತೆ ಕರಾರುವಾಕ್ಕಾಗಿ ಜೋಡಿಸಿದ ಕುಳಿಗಳ ಮೇಲೆ ಕೋಶಗಳು ಎಲುಬಾಗಲು ಉತ್ಸಾಹ ತೋರಲಿಲ್ಲ. ಪೂರಾ ಚೆಲ್ಲಾಪಿಲ್ಲಿ ಮಾಡಿದರೂ ಅಷ್ಟೇನೂ ಗುಣ ಕಾಣಲಿಲ್ಲ. ಪ್ರತಿ ಕುಳಿಯನ್ನೂ ತನ್ನ ಮನೆಯಿಂದ 50 ನ್ಯಾನೋಮೀಟರ್ ಒಳಗೆ ಅತ್ತಿತ್ತ ಸರಿಸಿದಾಗ, ಯಾವ ಔಷಧದ ಹನಿಯೂ ಇಲ್ಲದೆ, ಎಲುಬಿನ ಪ್ರೋಟೀನುಗಳು ಹುಟ್ಟತೊಡಗಿದವು.

ಒಳ್ಳೆಮೆಣಸಿನ ಬಳ್ಳಿಗೆ ನಯವಾದ ತೊಗಟೆಯ ಮರ ಆಗಿಬರುವುದಿಲ್ಲ, ಅದರ ಗೆಣ್ಣಿನ ಬೇರಿಗೆ ಹಿಡಿತ ಸಿಗಬೇಕು ಎಂದು ತೋಟದವರಿಗೆ ಗೊತ್ತು. ಕೋಶದ್ದೂ ಸ್ವಲ್ಪ ಹಾಗೆಯೇ. ಇಂಟೆಗ್ರಿನ್ ಎಂಬ ಪ್ರೋಟೀನುಗಳು ಅದರ ಕೈಬೆರಳುಗಳಿದ್ದಂತೆ. ಅವು ಹಿಡಿದು ಎಳೆಯುತ್ತವೆ, ಎಳೆತಕ್ಕೆ ಎದುರು ಬಿಗಿ ಸಿಕ್ಕರೆ ಒಳಗಿನ ಹುರಿಗಳು ಬಿಗಿಯುತ್ತವೆ, ಆ ಬಿಗುವು ಕೋಶಕೇಂದ್ರದವರೆಗೆ ತಲುಪಿ ಯಾವ ಜೀನ್ ತೆರೆಯಬೇಕೆಂಬುದನ್ನು ಬದಲಿಸುತ್ತದೆ. ಬಳ್ಳಿಯ ಹೋಲಿಕೆ ಇಲ್ಲಿಗೆ ಸಾಕು. ತೊಗಟೆ ಬದಲಾಯಿತೆಂದು ಬಳ್ಳಿ ವೀಳ್ಯದೆಲೆ ಬಿಡುವುದಿಲ್ಲವಲ್ಲ, ಕೋಶ ಅದನ್ನೂ ಮಾಡೀತು.

ಗಂಭೀರ ಆಕ್ಷೇಪಗಳು ಎರಡು. ಕೋಶ ವಸ್ತುವನ್ನು ನೇರವಾಗಿ ಮುಟ್ಟುವುದೇ ಇಲ್ಲ ಎಂಬುದು ಮೊದಲನೆಯದು. ದೇಹದೊಳಗೆ ಇಟ್ಟ ಯಾವ ವಸ್ತುವಿನ ಮೇಲೂ ಕ್ಷಣಗಳಲ್ಲಿ ರಕ್ತದ ಪ್ರೋಟೀನುಗಳು ಅಂಟಿಕೊಳ್ಳುತ್ತವೆ, ಕೋಶ ಆಮೇಲೆ ಬಂದು ಆ ಲೇಪವನ್ನು ತಡವುತ್ತದೆ. ಒಪ್ಪುತ್ತೇನೆ. ಆದರೆ ಯಾವ ಪ್ರೋಟೀನು, ಯಾವ ಭಂಗಿಯಲ್ಲಿ ಅಂಟಬೇಕೆಂದು ಗೊತ್ತುಮಾಡುವುದು ಮೇಲ್ಮೈಯ ಉಬ್ಬುತಗ್ಗು ಮತ್ತು ನೀರಿನೊಂದಿಗೆ ಅದರ ಒಲವು. ಅಧಿಕಾರ ಒಂದು ಮೆಟ್ಟಿಲು ಆಚೆ ಹೋಯಿತು, ಕಳೆದುಹೋಗಲಿಲ್ಲ. ಈ ಫಲಿತಾಂಶಗಳೇ ವಿವಾದದಲ್ಲಿವೆ ಎಂಬುದು ಎರಡನೆಯದು. ಹಾಸಿನ ಗಟ್ಟಿತನಕ್ಕಿಂತ ಅದಕ್ಕೆ ಪ್ರೋಟೀನನ್ನು ಹೊಲಿದ ಬಿಗಿಯೇ ಕಾರಣ ಎಂದು 2012ರಲ್ಲಿ ಒಂದು ತಂಡ ವಾದಿಸಿತು. ಇಲ್ಲ, ಗಟ್ಟಿತನವೇ ಕಾರಣ ಎಂದು 2014ರಲ್ಲಿ ಎಂಗ್ಲರ್ ತಂಡ ಮರುಪ್ರಯೋಗದಿಂದ ಉತ್ತರಿಸಿತು. ಜಗಳ ಯಾವ ಗುಣ ಎಷ್ಟು ಎಂಬುದರ ಬಗ್ಗೆ ಇದೆ, ಮೇಲ್ಮೈಗೆ ಪಾತ್ರವಿಲ್ಲವೆಂದು ಎರಡೂ ಕಡೆಯವರು ಹೇಳಿಲ್ಲ. ಗಾಜಿನ ತಟ್ಟೆಯಲ್ಲಿ ಕಂಡದ್ದು ರಕ್ತ, ಉರಿಯೂತ, ದೇಹದ ಭಾರ ಎಲ್ಲ ಇರುವ ಕಾಲಿನಲ್ಲಿ ಹಾಗೆಯೇ ನಡೆದೀತೆಂದು ಮಾತ್ರ ನಾನು ವಾದಿಸಲಾರೆ. ರಕ್ತನಾಳ ಬೆಳೆಯದ ಕಂದಕದಲ್ಲಿ ಎಂಥ ಕುಳಿ ಕೊರೆದರೂ ಕೋಶ ಉಪವಾಸ ಸಾಯುತ್ತದೆ.

ಸೋಂಕಿನ ಕಾಟವೂ ಇದೆ. ಇಂಪ್ಲಾಂಟಿನ ಮೈಯನ್ನು ಮೊದಲು ಆಕ್ರಮಿಸಲು ನಮ್ಮ ಕೋಶಕ್ಕೂ ಬ್ಯಾಕ್ಟೀರಿಯಾಕ್ಕೂ ಓಟದ ಪಂದ್ಯ ನಡೆಯುತ್ತದೆ ಎಂದು ಆಂಥೊನಿ ಗ್ರಿಸ್ಟಿನಾ 1987ರಲ್ಲಿ ಬರೆದರು. ಕೋಶಕ್ಕೆ ಹಿತವಾದ ತರಿತರಿ ಮೈ ಬ್ಯಾಕ್ಟೀರಿಯಾಕ್ಕೂ ಒಳ್ಳೆಯ ಬಿಡಾರವಾಗಬಹುದು. ಈ ತೊಡಕಿಗೆ ನಮ್ಮ ಬೆಂಗಳೂರಿನಿಂದಲೇ ಒಂದು ಉತ್ತರ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಅವರ ತಂಡ ಕೊಡತಿಹುಳದ, ಅಂದರೆ ಏರೋಪ್ಲೇನ್ ಚಿಟ್ಟೆಯ, ರೆಕ್ಕೆಯ ಮುಳ್ಳುಗಳಂಥ ನ್ಯಾನೋ ಕಂಬಗಳನ್ನು ಟೈಟಾನಿಯಮ್ಮಿನ ಮೇಲೆ ಮೂಡಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಬೆಳಕನ್ನು ಹೀರಿ ಕಪ್ಪಾಗಿ ಕಾಣುವ ಆ ಮೈ ಬ್ಯಾಕ್ಟೀರಿಯಾಗಳ ಪೊರೆ ಹರಿದು ಕೊಂದಿತು, ಅವಕ್ಕಿಂತ ಎಷ್ಟೋ ದೊಡ್ಡದಾದ ಮನುಷ್ಯನ ಆಕರಕೋಶಗಳು ಅದೇ ಮೈಯಲ್ಲಿ ನೆಲೆನಿಂತು ಎಲುಬಿನತ್ತ ಸಾಗಿದವು. ಇದು ಪ್ರಯೋಗಾಲಯದ ಮಾತು, ಆಸ್ಪತ್ರೆಯದಲ್ಲ.

ಹಾಗಾದರೆ ಕೋಶಗಳನ್ನೇ ಸೂಜಿಯಲ್ಲಿ ಚುಚ್ಚಿದರಾಯಿತಲ್ಲ ಎನ್ನುವವರಿದ್ದಾರೆ, ಅಂಥ ಜಾಹೀರಾತುಗಳೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟು ಉಳಿದ ಆಕರಕೋಶ ಚಿಕಿತ್ಸೆಗಳನ್ನು ಇನ್ನೂ ಸಂಶೋಧನೆಯೆಂದೇ ಎಣಿಸಿತ್ತು. ದೇಹದಲ್ಲಿ ಆಗಲೇ ಇರುವ ಕೋಶಗಳಿಗೆ ತಕ್ಕ ನೆಲೆ ಒದಗಿಸುವ ದಾರಿ ನನಗೆ ಹೆಚ್ಚು ಮಿತವ್ಯಯದ್ದಾಗಿ ಕಾಣುತ್ತದೆ. ಲೋಹದ ಮೈ ತರಿತರಿಯಾಗಿಸಲು ಆಸಿಡ್ಡಿನಲ್ಲಿ ಅದ್ದುವುದು, ಮರಳು ಸಿಡಿಸುವುದು ಕಾರ್ಖಾನೆಯಲ್ಲಿ ನಡೆಯುವ ಕೆಲಸ, ಅದಕ್ಕೆ ಪ್ರತಿ ರೋಗಿಯ ಕೋಶ ಬೆಳೆಸುವ ಪ್ರಯೋಗಾಲಯ ಬೇಡ.

ಇಷ್ಟು ಕೇಳಿ ಎಲ್ಲ ಪ್ಲೇಟಿನ ಮೈಯನ್ನೂ ಒರಟು ಮಾಡಿಬಿಡೋಣ ಎಂದುಕೊಳ್ಳಬೇಡಿ. ಮಕ್ಕಳ ಮುರಿದ ಕೈಗೆ ಹಾಕಿದ ಪ್ಲೇಟನ್ನು ಎಲುಬು ಕೂಡಿದ ಮೇಲೆ ಹಲವು ಸಲ ತೆಗೆಯಬೇಕಾಗುತ್ತದೆ. ಟೈಟಾನಿಯಂ ತಿರುಪುಗಳನ್ನು ಎಲುಬು ಬ್ರೊನೆಮಾರ್ಕರ ಕೊಳವೆಯಂತೆ ಅಪ್ಪಿಕೊಂಡರೆ ಬಿಚ್ಚುವ ಹೊತ್ತಿಗೆ ತಿರುಪಿನ ತಲೆ ಸವೆಯುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಅದಕ್ಕಾಗಿ ಟೈಟಾನಿಯಂ ಪ್ಲೇಟು ತಿರುಪುಗಳಿಗೆ ಪಾಲಿಶ್ ಕೊಟ್ಟು ಎಲುಬಿನ ಹಿಡಿತ ಸಡಿಲಿಸುವ ಪ್ರಯೋಗಗಳೂ ನಡೆದು ಯಶಸ್ವಿಯಾಗಿವೆ. ಹಲ್ಲಿನ ತಿರುಪಿಗೆ ‘ಬಾ’ ಎನ್ನುವ ಮೈ, ಮಗುವಿನ ಮುಂಗೈಯ ಪ್ಲೇಟಿಗೆ ‘ದೂರ ಇರು’ ಎನ್ನುವ ಮೈ: ಲೋಹ ಎರಡರಲ್ಲೂ ಒಂದೇ.