ಮನೆಯ ಕೋತಿಮರಿ



ಹೇಮಗಿರಿಯಿಂದ ಮೇಲುಕೋಟೆಯವರೆಗಿನ ಈ ಸೀಮೆಯಲ್ಲಿ ಕೋತಿಯೆಂದರೆ ನೆತ್ತಿಯ ಕೂದಲು ಟೊಪ್ಪಿಗೆಯಂತೆ ಹರಡಿರುವ ಬಾನೆಟ್ ಮಕಾಕ್. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇದಿಲ್ಲ.

ತಾಯಿ ವಿದ್ಯುತ್ ತಂತಿಗೋ ವಾಹನಕ್ಕೋ ಬಲಿಯಾದಾಗ ಮರಿಯನ್ನು ಯಾರಾದರೂ ಮನೆಗೆ ಒಯ್ಯುತ್ತಾರೆ. ಆ ಕರುಣೆ ಸುಳ್ಳಲ್ಲ. ಆದರೆ ಮೊದಲ ವಾರಗಳಲ್ಲಿ ತಾಯಿಯ ಹೊಟ್ಟೆಯನ್ನು ಬಿಡದ ಜೀವವದು. ಹಗಲಿರುಳೂ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು, ಅಪ್ಪಿಕೊಳ್ಳಲು ಬೆಚ್ಚನೆಯ ಮೈ ಬೇಕು. ಬೆಳೆದಂತೆ ಅನ್ನ, ಬಿಸ್ಕತ್ತು ಸಾಲದು. ಮನುಷ್ಯನಂತೆಯೇ ಕೋತಿಯ ದೇಹವೂ ಸಿ ಜೀವಸತ್ವವನ್ನು ತಾನೇ ತಯಾರಿಸಲಾರದು. ಹಣ್ಣು ಸೊಪ್ಪು ದೊರೆಯದಿದ್ದರೆ ಒಸಡು ಒಡೆದು ರಕ್ತ ಬರುತ್ತದೆ. ಬಿಸಿಲು ಕಾಣದ ಮರಿಯ ಮೂಳೆಗಳು ಸೊಟ್ಟಗಾಗುತ್ತವೆ. ಸೊಂಟಕ್ಕೆ ಕಟ್ಟಿದ ಹಗ್ಗ ಮೈ ಬೆಳೆದಂತೆ ಮಾಂಸದೊಳಗೆ ಇಳಿಯುತ್ತದೆ.

ಇವೆಲ್ಲವನ್ನೂ ಒದಗಿಸಿದರೂ ಹಿಂಡನ್ನು ಒದಗಿಸುವುದು ಹೇಗೆ? ಹೆಣ್ಣು ಕೋತಿ ಹುಟ್ಟಿದ ಹಿಂಡಿನಲ್ಲಿಯೇ ಬಾಳು ಕಳೆಯುತ್ತದೆ. ಪರಸ್ಪರ ಮೈಕೂದಲು ಹೆಕ್ಕುತ್ತಾ, ಯಾರಿಗೆ ತಗ್ಗಬೇಕು, ಯಾರನ್ನು ಗದರಿಸಬೇಕು ಎಂಬುದನ್ನು ಮರಿಗಳು ಅಲ್ಲಿಯೇ ಕಲಿಯುತ್ತವೆ. ಕೋತಿ ಹಲ್ಲು ಕಿರಿದರೆ ನಗುತ್ತಿದೆಯೆಂದು ಮಕ್ಕಳು ತಿಳಿಯುತ್ತಾರೆ. ಅದು ಬಹುಮಟ್ಟಿಗೆ ಭಯದ ಗುರುತು. ದಿಟ್ಟಿಸಿ ನೋಡುವುದು ಅದರ ಭಾಷೆಯಲ್ಲಿ ಬೆದರಿಕೆ. ನಾಲ್ಕೈದು ವರ್ಷದ ಗಂಡಿಗೆ ಕೋರೆಹಲ್ಲು ಬಲಿತ ಮೇಲೆ ಮನೆಯವರನ್ನೇ ಕಚ್ಚುವುದಕ್ಕೆ ಕೃತಘ್ನತೆ ಕಾರಣವಲ್ಲ, ಪ್ರಾಯ ಕಾರಣ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ಹುಚ್ಚುನಾಯಿ ರೋಗದ ಲಸಿಕೆಗಾಗಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರೋಗ ಒಮ್ಮುಖವೂ ಅಲ್ಲ. ಮನುಷ್ಯನ ಕ್ಷಯ, ದಡಾರ ಕೋತಿಗೂ ತಗಲುತ್ತವೆ.

ಆಗ ಮನೆಯವರು ಮಾಡುವುದೇನು? ಬೆಟ್ಟದ ಗುಡಿಯ ಬಳಿ ಬಿಟ್ಟುಬರುತ್ತಾರೆ. ಅಲ್ಲಿನ ಹಿಂಡು ಪರಕೀಯನನ್ನು ಹೊಡೆದಟ್ಟುತ್ತದೆ. ಕಾಯಿ ಚಿಗುರು ಹುಡುಕಲು ಅರಿಯದ ಅದು ಭಕ್ತರ ಕೈಚೀಲಕ್ಕೆ ಎಗರುತ್ತದೆ. ‘ಕೋತಿ ಕಾಟ’ ಎಂಬ ದೂರಿನ ಹಿಂದೆ ಇಂಥ ಮುದ್ದಿನ ಮರಿಗಳೂ ಉಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿದು ಸಾಕುವುದು ಅಪರಾಧ. ಕೋತಿಯಾಡಿಸುವುದನ್ನೂ ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು.

ತಬ್ಬಲಿ ಮರಿ ಕಂಡಾಗ ಹಿಂಡು ಹತ್ತಿರದಲ್ಲಿದ್ದರೆ ದೂರ ನಿಂತು ಕಾಯಬೇಕು. ಹಿಂಡಿನದೇ ಮತ್ತೊಂದು ಹೆಣ್ಣು ಅದನ್ನು ಎತ್ತಿಕೊಳ್ಳಬಹುದು. ಯಾವುದೂ ಬಾರದಿದ್ದರೆ, ಅಥವಾ ಮರಿಗೆ ಗಾಯವಾಗಿದ್ದರೆ, ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಬೆಚ್ಚಗಿರಿಸಿ ಅಂದೇ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು.