ನಮ್ಮ ಮಾಡಿನ ಮೇಲೆ ಎಷ್ಟು ಕೊಡ ಮಳೆ?

ಮಕ್ಕಳೇ, ಹಾಲನ್ನು ಲೀಟರ್‌ನಲ್ಲಿ ಅಳೆಯುತ್ತೇವೆ, ಎಣ್ಣೆಯನ್ನೂ ಹಾಗೆಯೇ. ಮಳೆಯ ಸುದ್ದಿ ಬಂದಾಗ ಮಾತ್ರ ‘ನಿನ್ನೆ 20 ಮಿಲಿಮೀಟರ್ ಮಳೆಯಾಗಿದೆ’ ಎನ್ನುತ್ತಾರೆ. ಏನಿದು, ನೀರನ್ನು ಯಾರಾದರೂ ಸ್ಕೇಲಿನಲ್ಲಿ ಅಳೆಯುತ್ತಾರೆಯೇ? ಹೌದು, ಅಳೆಯುತ್ತಾರೆ! ಅದರೊಳಗೊಂದು ಸೊಗಸಾದ ಲೆಕ್ಕವಿದೆ. ಬನ್ನಿ, ಬಿಡಿಸೋಣ.

ಒಂದು ಸಮತಟ್ಟಾದ ತಾರಸಿ ಇದೆ ಎಂದುಕೊಳ್ಳಿ. ಸುತ್ತ ಗೋಡೆ ಕಟ್ಟಿ, ನೀರು ಹೋಗುವ ತೂತುಗಳನ್ನೆಲ್ಲ ಮುಚ್ಚಿದ್ದೇವೆ. ಮಳೆ ಸುರಿದು ನಿಂತಿತು. ಬಿದ್ದ ನೀರು ಹರಿಯಲಿಲ್ಲ, ಆರಲಿಲ್ಲ, ಇಂಗಲಿಲ್ಲ. ಈಗ ನಿಂತ ನೀರಿಗೆ ಸ್ಕೇಲು ಇಳಿಸಿದರೆ ಅದರ ಎತ್ತರ ಎಷ್ಟೋ, ಅಷ್ಟು ಮಿಲಿಮೀಟರ್ ಮಳೆ.

ಇನ್ನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಅದರ ಮೇಲೆ ಒಂದೇ ಒಂದು ಮಿಲಿಮೀಟರ್ ಎತ್ತರದ ನೀರು ನಿಂತಿದೆ. ತೆಳ್ಳನೆಯ ನೀರಿನ ಹಾಳೆ! ಉದ್ದ 100 ಸೆಂಟಿಮೀಟರ್, ಅಗಲ 100 ಸೆಂಟಿಮೀಟರ್, ಎತ್ತರ ಒಂದು ಸೆಂಟಿಮೀಟರಿನ ಹತ್ತರಲ್ಲೊಂದು ಭಾಗ. ಮೂರನ್ನೂ ಗುಣಿಸಿದರೆ 1000 ಘನ ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಲೀಟರ್. ಅಷ್ಟು ತೆಳ್ಳನೆಯ ಹಾಳೆಯನ್ನು ಬಳಿದುಕೊಂಡರೆ ಒಂದು ಲೀಟರ್ ನೀರು ಸಿಗುತ್ತದೆ. ಈ ಲೆಕ್ಕ ನನಗೆ ಬಹಳ ಇಷ್ಟ.

ಈಗ ಮನೆಯ ಮಾಡನ್ನು ನೋಡಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲವಿದ್ದರೆ ಅದರಲ್ಲಿ ಅಂಥ 100 ಚೌಕಗಳಿವೆ. ನಿನ್ನೆಯ 20 ಮಿಲಿಮೀಟರ್ ಮಳೆ ಅದರ ಮೇಲೆ 2000 ಲೀಟರ್ ಸುರಿದಿದೆ. 15 ಲೀಟರ್ ಹಿಡಿಯುವ ಕೊಡವಾದರೆ 130ಕ್ಕೂ ಹೆಚ್ಚು ಕೊಡ. ಸ್ವಲ್ಪ ಮಾಡಿಗೇ ಅಂಟುತ್ತದೆ, ಸ್ವಲ್ಪ ಆರುತ್ತದೆ. ಉಳಿದದ್ದೂ ಕಡಿಮೆಯೇನಲ್ಲ, ಆದರೆ ಬಹಳಷ್ಟು ಕಡೆ ಅದು ಚರಂಡಿ ಸೇರುತ್ತದೆ.

ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಮಾಡಿನ ನೀರನ್ನು ಹಿಡಿದಿಡುವುದು ಇನ್ನಷ್ಟು ಮುಖ್ಯ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊತ್ತದ್ದನ್ನು ಒಮ್ಮೆಗೇ ಸುರಿದರೆ ಬಿರುಮಳೆ. ಹಾಗೆ ರಭಸದಿಂದ ಬಿದ್ದ ನೀರಿಗೆ ನೆಲದಲ್ಲಿ ಇಂಗಲು ಪುರುಸೊತ್ತೇ ಇರುವುದಿಲ್ಲ. ಒಂದು ವಾರ ಬೀದಿಯೆಲ್ಲ ಹೊಳೆ, ಮುಂದಿನ ತಿಂಗಳು ನಲ್ಲಿಯ ಮುಂದೆ ಕೊಡಗಳ ಸಾಲು. ಬಂದಾಗ ಹಿಡಿದಿಟ್ಟುಕೊಂಡರೆ ಎರಡು ತೊಂದರೆಯೂ ಅಷ್ಟಷ್ಟು ತಗ್ಗುತ್ತದೆ.

ಬೆಂಗಳೂರಿನ ವಿಜಯನಗರದಲ್ಲಿ ಎ. ಆರ್. ಶಿವಕುಮಾರ್ ಎಂಬ ವಿಜ್ಞಾನಿ ಇದನ್ನು ಮಾಡಿ ತೋರಿಸಿದರು. 1990ರ ದಶಕದಲ್ಲಿ ಮನೆ ಕಟ್ಟಿದಾಗ ಅವರು ಜಲಮಂಡಳಿಯ ನಲ್ಲಿಯನ್ನೇ ಹಾಕಿಸಲಿಲ್ಲ. ಹಳೆಯ ಮಳೆ ದಾಖಲೆಗಳನ್ನು ಮುಂದಿಟ್ಟುಕೊಂಡು ಒಂದು ಜಾಣ ಪ್ರಶ್ನೆ ಕೇಳಿಕೊಂಡರು: ಒಂದು ಒಳ್ಳೆಯ ಮಳೆಯಿಂದ ಇನ್ನೊಂದು ಒಳ್ಳೆಯ ಮಳೆಗೆ ಹೆಚ್ಚೆಂದರೆ ಎಷ್ಟು ದಿನ ಕಾಯಬೇಕು? ಸುಮಾರು 100 ದಿನ ಎಂದು ಗೊತ್ತಾಯಿತು. ಅಷ್ಟು ದಿನಕ್ಕೆ ಸಾಕಾಗುವಂತೆ ತೊಟ್ಟಿ ಕಟ್ಟಿದರು. ವರ್ಷವಿಡೀ ಬೇಕಾಗುವ ನೀರನ್ನೆಲ್ಲ ಒಮ್ಮೆಗೇ ಕೂಡಿಡಬೇಕಾಗಿಲ್ಲ ಎಂಬುದು ಎಷ್ಟು ಸರಳ, ಅಲ್ಲವೇ? 2009ರಲ್ಲಿ ಬೆಂಗಳೂರಿನ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು, ಅಂದರೆ ಹೀಗೆ ಮಳೆನೀರನ್ನು ಹಿಡಿಯುವುದು, ಕಡ್ಡಾಯವೆಂಬ ಕಾನೂನೂ ಬಂತು.

ಹಾಗೆಂದು ಬಿದ್ದ ನೀರನ್ನೆಲ್ಲ ನೇರವಾಗಿ ತೊಟ್ಟಿಗೆ ಬಿಡುವಂತಿಲ್ಲ. ಮಾಡಿನ ಮೇಲೆ ದೂಳು, ಎಲೆ, ಹಕ್ಕಿಯ ಹಿಕ್ಕೆ ಇರುತ್ತವೆ. ಅಜ್ಜಿ ಅಕ್ಕಿ ತೊಳೆದ ಮೊದಲ ನೀರನ್ನು ಚೆಲ್ಲುವಂತೆ, ಮಳೆಯ ಮೊದಲ ನೀರನ್ನು ಬೇರೆ ಕೊಳವೆಯಲ್ಲಿ ಹೊರಗೆ ಬಿಡುತ್ತಾರೆ. ಆಮೇಲಿನದನ್ನು ಸೋಸಿ ತೊಟ್ಟಿಗೆ ಹರಿಸುತ್ತಾರೆ. ತೊಟ್ಟಿ ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ. ಅಲ್ಲಿಂದ ಅದು ಮಣ್ಣಿನ ಕಣಗಳ ಸಂದಿನಲ್ಲಿ ನಿಧಾನವಾಗಿ ಇಳಿದು ಅಂತರ್ಜಲ ಸೇರುತ್ತದೆ. ಇಂಗುಗುಂಡಿ ನಿಮ್ಮ ಮನೆಯದಾದರೂ ನೀರು ಪಕ್ಕದ ಮನೆಯ ಬಾವಿಯಲ್ಲಿ ಏರಬಹುದು. ನೆಲದಡಿಯಲ್ಲಿ ಕಾಂಪೌಂಡ್ ಗೋಡೆ ಇಲ್ಲವಲ್ಲ! ಅದಕ್ಕೇ ಬೀದಿಯವರೆಲ್ಲ ಸೇರಿ ಮಾಡಿದರೆ ಇದರ ಗುಣ ಚೆನ್ನಾಗಿ ಕಾಣುತ್ತದೆ.

ಮುಂದಿನ ಮಳೆಯನ್ನು ಅಳೆಯಲು ತಯಾರಾಗೋಣವೇ? ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬ ಬೇಕು. ಮರದಿಂದ, ಗೋಡೆಯಿಂದ ದೂರ, ಬಯಲಿನಲ್ಲಿ ಇಡಿ. ದೊಡ್ಡ ಡಬ್ಬ, ಸಣ್ಣ ಡಬ್ಬ ಎರಡನ್ನೂ ಇಟ್ಟರೆ ಇನ್ನೂ ಚೆನ್ನ: ಎರಡರಲ್ಲೂ ನೀರಿನ ಎತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ! ಯಾಕೆಂದು ಗೆಳೆಯರೊಂದಿಗೆ ಯೋಚಿಸಿ. ಅಳೆಯುವಾಗ ಒಂದು ಎಚ್ಚರಿಕೆ, ಕೆಲವು ಸ್ಕೇಲುಗಳಲ್ಲಿ ಸೊನ್ನೆಯ ಗೆರೆ ತುದಿಯಿಂದ ಸ್ವಲ್ಪ ಮೇಲಿರುತ್ತದೆ, ಅಷ್ಟನ್ನು ಕೂಡಿಸಿಕೊಳ್ಳಿ. ಶಾಲೆಯ ಮಾಡಿನ ಉದ್ದ ಅಗಲವನ್ನು ಮೇಷ್ಟ್ರ ಜೊತೆ ನೆಲದಲ್ಲೇ ನಿಂತು ಅಳೆದಿಡಿ. ಉದ್ದ, ಅಗಲ, ಮಳೆ ಮೂರನ್ನೂ ಮೀಟರ್‌ಗೆ ತಂದು ಗುಣಿಸಬೇಡಿ. ಉದ್ದ, ಅಗಲ ಮಾತ್ರ ಮೀಟರ್‌ನಲ್ಲಿರಲಿ, ಮಳೆ ಮಿಲಿಮೀಟರ್‌ನಲ್ಲೇ ಇರಲಿ. ಹಾಗೆ ಗುಣಿಸಿದರೆ ಉತ್ತರ ನೇರವಾಗಿ ಲೀಟರ್‌ನಲ್ಲಿ ಬರುತ್ತದೆ.