ಅರ್ಹತೆಯ ಲೆಕ್ಕ

1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ತಂದ ಕಾನೂನು ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯಿತು. ಜರ್ಮನಿಯಲ್ಲಿ ಪ್ರೊಫೆಸರರೂ ಸರ್ಕಾರಿ ನೌಕರರೇ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕಿತ್ತು. ಗಾಟಿಂಗೆನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಹುದ್ದೆ ಕಳೆದುಕೊಂಡದ್ದು ಹೀಗೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದಕ್ಕೆ ವಿನಾಯಿತಿಯಿದ್ದ ಅವರ ಸಹೋದ್ಯೋಗಿ ಜೇಮ್ಸ್ ಫ್ರಾಂಕ್ ತಾವಾಗಿಯೇ ರಾಜೀನಾಮೆ ಕೊಟ್ಟರು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಲಾಭನಷ್ಟದ ಭಾಷೆಯಲ್ಲಿ ಹೇಳುತ್ತೇವೆ: ಜರ್ಮನಿ ಐನ್‌ಸ್ಟೈನರನ್ನು ಕಳೆದುಕೊಂಡಿತು, ಅಮೆರಿಕ ಪಡೆಯಿತು. ಲೆಕ್ಕ ಸುಳ್ಳಲ್ಲ, ಆದರೆ ಅಪಾಯಕಾರಿ. ಹಾಗಾದರೆ ಸಾಧಾರಣ ಮೇಷ್ಟರನ್ನು ಓಡಿಸಿದ್ದರೆ ತಪ್ಪಾಗುತ್ತಿರಲಿಲ್ಲವೇ?

ಅರ್ಹತೆಯೂ ಎಲ್ಲರನ್ನು ಕಾಪಾಡಲಿಲ್ಲ. ಗಣಿತಜ್ಞ ಹಿಲ್ಬರ್ಟರ ಮೊದಲ ಶಿಷ್ಯ ಒಟ್ಟೊ ಬ್ಲೂಮೆಂಥಾಲ್ ನೆದರ್‌ಲ್ಯಾಂಡ್ಸ್‌ಗೆ ಹೋದರೂ ಪಾರಾಗಲಿಲ್ಲ. 1944ರಲ್ಲಿ ನಾತ್ಸಿಗಳ ಸೆರೆಯಲ್ಲೇ ತೀರಿಕೊಂಡರು. ನಮ್ಮ ಬೆಂಗಳೂರಿನ ಕಥೆಯನ್ನೂ ಮರೆಯುವಂತಿಲ್ಲ. ಸಿ.ವಿ. ರಾಮನ್ 1935ರಲ್ಲಿ ಬಾರ್ನ್‌ರನ್ನು ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಅವರಿಗೆ ಕಾಯಂ ಹುದ್ದೆ ಕೊಡಬೇಕೆಂದು ರಾಮನ್ ವಾದಿಸಿದಾಗ, ಸ್ವದೇಶವೇ ಹೊರಹಾಕಿದ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂದು ಸಹೋದ್ಯೋಗಿಯೊಬ್ಬರು ಬಾರ್ನ್ ಎದುರೇ ಹೇಳಿದರಂತೆ. ಓಡಿಸಿದವರ ಅನ್ಯಾಯ ಓಡಿಬಂದವನ ಕೊರತೆಯಾಗಿಬಿಟ್ಟಿತು! ಆರ್ಥಿಕ ಕುಸಿತದ ಆ ದಿನಗಳಲ್ಲಿ ಎಲ್ಲರಿಗೂ ಹುದ್ದೆ ಎಲ್ಲಿಂದ ತರುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ದಿನಗಳಲ್ಲಿ ಬ್ರಿಟನ್ನಿನ ಕೆಲವು ಅಧ್ಯಾಪಕರು ತಮ್ಮ ಸಂಬಳದ ಪಾಲು ಕೊಟ್ಟು, ಹೆಸರು ಮಾಡಿರದ ಕಿರಿಯರಿಗೂ ಆಸರೆಯಾದರು. ಬಾರ್ನ್ 1936ರಲ್ಲಿ ಎಡಿನ್‌ಬರೋದಲ್ಲಿ ಪ್ರೊಫೆಸರರಾದರು. ನೊಬೆಲ್ ಬಂದದ್ದು 1954ರಲ್ಲಿ. ಆ ಪ್ರಶಸ್ತಿ ಬಾರದಿದ್ದರೂ ಬೆಂಗಳೂರಿನಲ್ಲಿ ಆಡಿದ ಆ ಮಾತು ತಪ್ಪೇ.